ಸದ್ದಿನ ಕಡ್ಡಿ

ಹೇಳಿಬಿಡಬೇಕು ಎಂದು ಅವನು ಹಲ್ಲುಜ್ಜುವಾಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಬಾಯಿ ಮುಕ್ಕಳಿಸಿ ತಲೆಯೆತ್ತಿದಾಗ ಕನ್ನಡಿಯಲ್ಲಿ ಕಂಡದ್ದು ಮಾತ್ರ ತೀರ್ಮಾನ ಮಾಡಿದವನ ಮುಖವಲ್ಲ. ಪರೀಕ್ಷೆಗೆ ಓದದೆ ಹೊಟ್ಟೆನೋವು ಎನ್ನುವ ಹುಡುಗನ ಮುಖ, ಅದಕ್ಕೆ ಅರ್ಧ ನೆರೆತ ಗಡ್ಡ ಬೇರೆ. ಹೇಳುವುದಕ್ಕೆ ಏನು ಮಹಾ ಇದೆ, ಎರಡೇ ಮಾತು: ಸದ್ದಿನ ಕಡ್ಡಿ ಕೆಟ್ಟಿದೆ, ನಿನ್ನ ಲೆಕ್ಕ ತಪ್ಪಿದೆ. ಇಷ್ಟನ್ನು ಪ್ರಯೋಗಾಲಯದ ಆ ಹುಡುಗಿಗೆ ಇವತ್ತು ಸಂಜೆಯೊಳಗೆ ಹೇಳಬೇಕು. ಬೇರೊಂದು ಊರಿನ ಕಾಲೇಜಿನವರು ಅವಳಿಗೆ ಕಾಯಂ ಕೆಲಸ ಕೊಟ್ಟು ಕೂತಿದ್ದಾರೆ. ಬರುತ್ತೇನೆ ಎಂದೋ ಬರುವುದಿಲ್ಲ ಎಂದೋ ಅವರ ಕಚೇರಿ ಮುಚ್ಚುವ ಮೊದಲು ಅವಳು ಫೋನ್ ಮಾಡಬೇಕು. ಬರುವುದಿಲ್ಲ ಎಂದುಬಿಟ್ಟರೆ, ಅದೂ ಒಂದು ಸುಳ್ಳು ಫಲಿತಾಂಶವನ್ನು ನಂಬಿಕೊಂಡು ಹಾಗೆಂದುಬಿಟ್ಟರೆ, ಅವಳ ಬಾಳು ಮಣ್ಣುಪಾಲಾಗುವುದಕ್ಕೆ ಅವನೊಬ್ಬನೇ ಸಾಕ್ಷಿ. ಸಾಕ್ಷಿ ಎಂಬ ಪದ ಅವನಿಗೆ ಹಿತವಾಗಿ ಕೇಳಿಸಿತು. ಕಾರಣ ಎಂಬ ಪದಕ್ಕಿಂತ ಎಷ್ಟೋ ವಾಸಿ.

“ಏನ್ರೀ, ಬಚ್ಚಲಲ್ಲೇ ಸಂಸಾರ ಹೂಡಿದ್ರಾ? ನನಗೂ ಆಫೀಸಿದೆ” ಎಂದು ಹೆಂಡತಿ ಬಾಗಿಲು ತಟ್ಟಿದಳು. ವಿಮಾ ಕಂಪನಿಯಲ್ಲಿ ಕೆಲಸ ಮಾಡುವ ಅವಳಿಗೆ ದಿನವೆಲ್ಲ ಸುಳ್ಳು ಹೇಳುವವರ ಜೊತೆಯೇ ವ್ಯವಹಾರ. ಅವಳ ಮುಂದೆ ಮಾತಾಡುವಾಗ ಅವನು ಯಾವಾಗಲೂ ಸ್ವಲ್ಪ ಸುತ್ತಿ ಬಳಸುತ್ತಿದ್ದ. ತಿಂಡಿ ತಟ್ಟೆಯ ಮುಂದೆ ಕೂತು, ನಮ್ಮಲ್ಲಿ ಯಾರೋ ಒಬ್ಬರಿಗೆ ಇನ್ನೊಬ್ಬರ ತಪ್ಪು ಗೊತ್ತಾಗಿದೆ, ಹೇಳಿದರೆ ಅವರ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಕೆಲಸ ಕೆಡುತ್ತದೆ, ಪಾಪ ಅವರು ಏನು ಮಾಡಬೇಕು ಎಂದು ಕೇಳಿದ. ಅವಳು ಬಾಚಣಿಗೆ ತಲೆಯಲ್ಲೇ ಬಿಟ್ಟು ಅವನನ್ನು ನೋಡಿದಳು. “ಮದುವೆ ಆದಾಗಿಂದ ನೋಡ್ತಿದೀನಿ. ನಿಮ್ಮ ಯಾರೋ ಒಬ್ರು ಯಾವಾಗ್ಲೂ ನಿಮ್ಮ ಅಂಗೀನೇ ಹಾಕ್ಕೊಂಡಿರ್ತಾರೆ.” ಅವನು ನಗಲು ನೋಡಿದ. “ಹೇಳೋದಾದ್ರೆ ಬೇಗ ಹೇಳಿ. ನೀವು ತಡ ಮಾಡಿದಷ್ಟೂ ಅದು ಅವರ ತಪ್ಪಾಗಿ ಉಳಿಯಲ್ಲ, ನಿಮ್ಮದಾಗುತ್ತೆ” ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಎಷ್ಟು ಸಲೀಸಾಗಿ ಹೇಳಿದಳು, ಹಾಳಾದ್ದು, ಬಿಲ್ಲು ಕಟ್ಟಲು ನೆನಪಿಸಿದ ಹಾಗೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದನ್ನೂ ಶುಭಸೂಚನೆ ಎಂದುಕೊಂಡ. ಇಂಥ ಹೊತ್ತಿನಲ್ಲಿ ಮನಸ್ಸು ಯಾವುದನ್ನು ಬೇಕಾದರೂ ಶುಭ ಮಾಡಿಕೊಳ್ಳುತ್ತದೆ. ಅವನ ಅನ್ನ ಯೀಸ್ಟ್. ಹಿಟ್ಟು ಉಬ್ಬಿಸುವ ಪುಡಿ ಎಂದಷ್ಟೇ ಲೋಕ ಬಲ್ಲ ಆ ಜೀವ ಒಂದು ಕೋಶದಿಂದ ಎರಡಾಗಲು ಯಾವಾಗ ಮನಸ್ಸು ಮಾಡುತ್ತದೆ, ಅದರೊಳಗೆ ಯಾರು ಹೂಂ ಎನ್ನುತ್ತಾರೆ, ಯಾರು ಬೇಡ ಎನ್ನುತ್ತಾರೆ, ಇದೇ ಅವರ ಪ್ರಯೋಗಾಲಯದ ಹೊಟ್ಟೆಪಾಡು. ಹುಟ್ಟಿದ ಕೋಶ ಕೂಡಲೇ ಒಡೆಯುವುದಿಲ್ಲ. ಕಾಯುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ, ಸುತ್ತ ಊಟ ಇದೆಯೇ ಎಂದು ನೋಡಿಕೊಳ್ಳುತ್ತದೆ. ಸಾಲದು ಎನಿಸಿದರೆ ಮುದುರಿಕೊಂಡು ಸುಮ್ಮನೆ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಒಂದು ಹೊಸಿಲು ಬರುತ್ತದೆ. ದಾಟಿತೋ, ಮುಗಿಯಿತು, ಊಟವನ್ನೇ ಕಿತ್ತುಕೊಂಡರೂ ಕೈಗೆತ್ತಿಕೊಂಡದ್ದನ್ನು ಮುಗಿಸಿಯೇ ತೀರಬೇಕು. ದಾಟಿದ್ದಕ್ಕೆ ಗುರುತು, ಮೈಮೇಲೊಂದು ಸಣ್ಣ ಮೊಗ್ಗು. ಆ ಮೊಗ್ಗು ದೊಡ್ಡದಾಗಿ ಮಗಳಾಗುತ್ತದೆ, ತಾಯಿಯಿಂದ ಕಳಚಿಕೊಳ್ಳುತ್ತದೆ. ಹೊಸಿಲಲ್ಲಿ ಕಾವಲು ನಿಂತ ಒಂದು ಪ್ರೋಟೀನು ಇದೆ, ಬೇಡ ಎನ್ನುವುದೇ ಅದರ ಕೆಲಸ. ಯಜಮಾನರು, ಪ್ರೊಫೆಸರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ನೋಡಲು ಬಂದವರಿಗೆಲ್ಲ ಅದನ್ನು ಲೋಟದ ನೀರು ತೋರಿಸಿ ವಿವರಿಸುತ್ತಿದ್ದರು: ಚಿಟಿಕೆ ಉಪ್ಪು ಹಾಕಿ, ಮೇಲೆ ನೀರು ಹೊಯ್ಯುತ್ತ ಹೋಗಿ, ಉಪ್ಪು ಅಷ್ಟೇ ಇರುತ್ತದೆ, ರುಚಿ ಹೋಗುತ್ತದೆ. ಹಾಗೆಯೇ ಕೋಶ ಬೆಳೆದಂತೆ ಒಳಗಿನ ಬೇಡ ತೆಳ್ಳಗಾಗುತ್ತದೆ, ಕೊನೆಗೆ ಇದ್ದೂ ಇಲ್ಲದ ಹಾಗಾಗುತ್ತದೆ, ಆಗ ಕೋಶ ದಾಟುತ್ತದೆ. ನನ್ನೊಳಗಿನ ಬೇಡ ಯಾಕೆ ಇನ್ನೂ ಉಪ್ಪಿನ ಹರಳಿನ ಹಾಗೇ ಕೂತಿದೆ ಎಂದು ಅವನು ಯೋಚಿಸಿದ. ಉತ್ತರವೂ ಕೂಡಲೇ ಹೊಳೆಯಿತು, ಬೆಳೆದಿದ್ದರೆ ತಾನೆ. ಅಷ್ಟರಲ್ಲಿ ಇಳಿಯುವ ನಿಲ್ದಾಣ ದಾಟಿಹೋಗಿತ್ತು, ಮುಂದಿನದರಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದುಬಂದ.

ಹುಡುಗಿ ಆಗಲೇ ಸೂಕ್ಷ್ಮದರ್ಶಕದ ಮುಂದೆ ಬಗ್ಗಿ ಕೂತಿದ್ದಳು. ಅವಳಿಗೆ ಇರುವೆ ಎಂದು ಹೆಸರಿಟ್ಟವನು ಅವನೇ. ಯಾವಾಗಲೂ ಕೈಯಲ್ಲಿ ತನಗಿಂತ ದೊಡ್ಡದೇನನ್ನೋ ಹೊತ್ತು ಅವಸರದಲ್ಲಿ ಓಡಾಡುತ್ತಾಳೆಂದು. ಅವಳು ಬೇಸರಪಟ್ಟುಕೊಳ್ಳದೆ ಅದನ್ನೇ ತನ್ನ ಬಾಟಲಿಗಳ ಮೇಲೆಲ್ಲ ಬರೆದುಕೊಂಡಿದ್ದಳು. ಒಂದು ಬಾಡಿಗೆ ಕೋಣೆಯಲ್ಲಿ ತಾಯಿಯ ಜೊತೆ ಇದ್ದಳು. ತಾಯಿಗೆ ಮೊಣಕಾಲು ನೋವು, ಮೂರನೇ ಮಹಡಿ, ಕಾಯಂ ಕೆಲಸ ಸಿಕ್ಕರೆ ಮೊದಲು ನೆಲಮಹಡಿಯ ಮನೆ ಹಿಡಿಯುತ್ತೇನೆ ಎನ್ನುತ್ತಿದ್ದಳು. ಮೊಗ್ಗು ಹೊತ್ತ ಕೋಶಗಳನ್ನು ಅವಳು ಎಣಿಸುವುದನ್ನು ನೋಡಿದರೆ ಯಾರಿಗಾದರೂ ತಾಳ್ಮೆ ಕೆಡಬೇಕು. ಒಂದು ಕೋಶ ಅನುಮಾನಕ್ಕೆ ಬಂದರೆ ಸಾಕು, ಕೆಲಸ ನಿಲ್ಲಿಸಿ ಅವನನ್ನು ಕರೆಯುತ್ತಿದ್ದಳು. “ಅಣ್ಣ, ಇದು ಮೊಗ್ಗಾ, ಧೂಳಾ? ನೀವೇ ಹೇಳಿ, ನನಗೆ ಆಸೆ ಜಾಸ್ತಿ ಇದೆ, ನನ್ನ ಕಣ್ಣು ನಂಬಕ್ಕಾಗಲ್ಲ.” ಇಂಥ ಮಾತಾಡುವವಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ! ಅವಳು ಒಂದು ಜೀನನ್ನು ತೆಗೆದುಹಾಕಿದ ಯೀಸ್ಟಿನಲ್ಲಿ ಮೊಗ್ಗು ಹೊತ್ತ ಕೋಶಗಳು ಸಿಕ್ಕಾಪಟ್ಟೆ ಜಾಸ್ತಿ ಇದ್ದವು, ಅಂದರೆ ಅವು ಹೊಸಿಲಲ್ಲಿ ನಿಲ್ಲುತ್ತಲೇ ಇಲ್ಲ. ಅಂದರೆ ಆ ಜೀನೇ ಇದುವರೆಗೆ ಯಾರೂ ಕಾಣದ ಎರಡನೆಯ ಕಾವಲುಗಾರ. ಯಜಮಾನರು ಕುಣಿದಾಡಿಬಿಟ್ಟರು. ಲೇಖನ ಸಿದ್ಧವಾಯಿತು. ನೀನು ಆ ಕಾಲೇಜಿಗೆ ಹೋಗಿ ಪಾಠ ಹೇಳಿಕೊಂಡು ಕೊಳೆಯಬೇಡ, ಇಲ್ಲೇ ಇರು, ಇದು ಅಚ್ಚಾದರೆ ನಿನ್ನದೇ ಪ್ರಯೋಗಾಲಯ ಆಗುತ್ತದೆ ಎಂದು ಹೇಳುತ್ತ ಬಂದಿದ್ದರು.

ಎಣಿಸುವ ಮೊದಲು ಅಂಟಿಕೊಂಡ ಕೋಶಗಳನ್ನು ಬಿಡಿಸಬೇಕು. ಅದಕ್ಕೆ ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ಕಡ್ಡಿ. ದ್ರವದಲ್ಲಿ ಅದ್ದಿ ಗುಂಡಿ ಒತ್ತಿದರೆ ಕಿವಿ ಕೊರೆಯುವ ಹಾಗೆ ಚೀರುತ್ತದೆ, ಆ ನಡುಕಕ್ಕೆ ಬೇರೆಯಾಗಿಯೂ ಬಿಡದೆ ನಿಂತ ತಾಯಿ-ಮಗಳು ಕೋಶಗಳು ಕಳಚಿಕೊಳ್ಳುತ್ತವೆ. ಕಳಚದಿದ್ದರೆ ವಿಭಜನೆ ಮುಗಿದ ಎರಡು ಕೋಶಗಳು ಒಂದು ತಾಯಿ, ಒಂದು ಮೊಗ್ಗು ಎಂದು ಲೆಕ್ಕಕ್ಕೆ ಬರುತ್ತವೆ. ಈ ಕಡ್ಡಿ ಅವನ ಸುಪರ್ದಿಗೆ ಸೇರಿದ್ದು. ಕಳೆದ ಚಳಿಗಾಲದಲ್ಲೇ ಅದರ ಚೀರು ಮೊಂಡಾದದ್ದು ಅವನಿಗೆ ಕೇಳಿಸಿತ್ತು. ತುದಿ ತೆಗೆದು ನೋಡಿದರೆ ಸವೆದು ಗುಳಿ ಬಿದ್ದಿತ್ತು. ವಾರದ ಸಭೆಯಲ್ಲಿ ಹೇಳಿದ, ಹೊಸ ತುದಿ ತರಿಸಬೇಕು ಸರ್, ಸದ್ದು ಬದಲಾಗಿದೆ. ಯಜಮಾನರು ಕನ್ನಡಕದ ಮೇಲಿಂದ ನೋಡಿ, “ಸದ್ದು ಬದಲಾಗಿದೆಯೋ, ನಿಮ್ಮ ಕಿವಿ ಬದಲಾಗಿದೆಯೋ? ವಯಸ್ಸಾಯ್ತು ನೋಡಿ, ಒಮ್ಮೆ ಡಾಕ್ಟರಿಗೆ ತೋರಿಸ್ಕೊಳ್ಳಿ” ಎಂದರು. ಮೇಜಿನ ಸುತ್ತ ನಗು ಹೊರಟಿತು. ಹುಡುಗಿಯೂ ನಕ್ಕಳು, ಕೈ ಬಾಯಿಗೆ ಅಡ್ಡ ಹಿಡಿದು. ಆ ಅಡ್ಡ ಹಿಡಿದ ಕೈಯೇ ಅವನನ್ನು ಚುಚ್ಚಿದ್ದು. ಬಾಯಿ ತೆರೆದು ನಕ್ಕಿದ್ದರೆ ಮರೆತುಬಿಡುತ್ತಿದ್ದನೇನೋ. ಸರಿ, ನನ್ನ ಕಿವಿಯೇ ಸರಿಯಿಲ್ಲ, ಇನ್ನು ನಾನು ತುಟಿ ಪಿಟಕ್ಕೆನ್ನುವುದಿಲ್ಲ ಎಂದುಕೊಂಡ. ಅವತ್ತಿನಿಂದ ತನ್ನ ಕೊಳವೆಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಪಕ್ಕದ ಪ್ರಯೋಗಾಲಯಕ್ಕೆ ಹೋಗಿ ಅವರ ಕಡ್ಡಿಯಲ್ಲಿ ಬಿಡಿಸಿಕೊಂಡು ಬರುತ್ತಿದ್ದ. ಉಳಿದವರು ಇದ್ದ ಕಡ್ಡಿಯಲ್ಲೇ ನಡೆಸಿದರು, ಮಾಮೂಲಿ ಯೀಸ್ಟಿಗೆ ಅದೇ ಸಾಕಾಗುತ್ತಿತ್ತು. ಹುಡುಗಿ ಜೀನು ತೆಗೆದ ಯೀಸ್ಟ್ ಮಾಮೂಲಿಯದಲ್ಲ, ಅದರ ಗೋಡೆಯೇ ಅಂಟು ಅಂಟು. ಅವಳು ಕರೆದಾಗಲೆಲ್ಲ ಅವನು ಕಣ್ಣಿಟ್ಟು ನೋಡಿದ್ದ, ಜೋಡಿ ಜೋಡಿಯಾಗಿ ನಿಂತ ಕೋಶಗಳನ್ನು ಕಂಡು ಇವು ಮೊಗ್ಗಲ್ಲವೇನೋ ಎಂದುಕೊಂಡಿದ್ದ, ಆದರೂ “ಮೊಗ್ಗೇ ಕಣಮ್ಮ, ಬರ್ಕೋ” ಎಂದಿದ್ದ. ಎಷ್ಟು ಸಲ ಎಂದಿದ್ದನೋ. ಅದರಲ್ಲಿ ಒಂದು ಕೆಟ್ಟ ಸುಖ ಇತ್ತು, ಒಣಗಿದ ಗಾಯದ ಹಕ್ಕಳೆ ಕೀಳುವಾಗಿನ ಸುಖ.

ನಿನ್ನೆ ಅವಳು ಮನೆಗೆ ಹೋದ ಮೇಲೆ ಅವಳ ಕೊಳವೆಯಲ್ಲಿ ಉಳಿದದ್ದನ್ನು ಪಕ್ಕದವರ ಕಡ್ಡಿಗೆ ಒಡ್ಡಿ ನೋಡಿದ್ದ. ಒಂದು ಚೀರು, ಅಷ್ಟೇ. ಜೋಡಿಗಳೆಲ್ಲ ಬಿಟ್ಟುಕೊಂಡು ಬಟಾಣಿ ಕಾಳಿನ ಹಾಗೆ ಹರಡಿಹೋದವು. ಎಣಿಸಿದರೆ ಮಾಮೂಲಿ ಯೀಸ್ಟಿಗೂ ಇದಕ್ಕೂ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ಎರಡನೆಯ ಕಾವಲುಗಾರನೂ ಇಲ್ಲ, ಗೀವಲುಗಾರನೂ ಇಲ್ಲ. ಅನುಮಾನ ಇದ್ದಷ್ಟು ದಿನ ಅದು ಅವನದೊಂದು ಖಾಸಗಿ ಚಟವಾಗಿತ್ತು. ಗೊತ್ತಾದ ಕೂಡಲೇ ಅದು ಹೇಳಲೇಬೇಕಾದ ಮಾತಾಯಿತು. ಹೊಸ ತುದಿ ಅವನ ಡ್ರಾಯರಿನಲ್ಲೇ ಇತ್ತು. ಸಭೆ ಕಳೆದು ಸ್ವಲ್ಪ ದಿನಕ್ಕೆ ಯಜಮಾನರು ಏನೋ ನೆನಪಾಗಿ ತಾವೇ ತರಿಸಿಕೊಟ್ಟಿದ್ದರು, “ತಗೊಳ್ರಿ, ನಿಮ್ಮ ಕಿವಿಗೆ ಔಷಧಿ” ಎಂದು. ಆ ಮಾತಿಗೋಸ್ಕರವೇ ಅವನು ಅದನ್ನು ಹಾಕಲಿಲ್ಲ.

ಮಧ್ಯಾಹ್ನ ಟೀ ಕೋಣೆಯಲ್ಲಿ ಅವರಿಬ್ಬರೇ ಸಿಕ್ಕಿದರು. ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆಂದರೂ ಸಿಗುವುದಿಲ್ಲ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಅಣ್ಣ, ರಾತ್ರಿಯಿಂದ ನಿದ್ದೆ ಇಲ್ಲ. ಅಮ್ಮ ಕಾಲೇಜಿಗೇ ಹೋಗು ಅಂತಾಳೆ. ಸರ್ ಇರು ಅಂತಾರೆ. ನಾನೇನ್ ಮಾಡ್ಲಿ?” ಎಂದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು, ನಿಜವಾಗಿ ಬಂದಿತ್ತು, ಬಾಯಿಯೂ ತೆರೆದಿತ್ತು. ಆ ಮಾತಿನ ಹಿಂದೆಯೇ ಮುಂದಿನ ಪ್ರಶ್ನೆಯೂ ಬಂದು ನಿಂತಿತ್ತು, ಯಾವಾಗಿಂದ ಗೊತ್ತು ಅಣ್ಣ. ಅದಕ್ಕೆ ಏನು ಹೇಳುವುದು? “ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡಮ್ಮ” ಎಂದ. “ಮನಸ್ಸಿಗೆ ಇಲ್ಲೇ ಇರ್ಬೇಕು ಅಂತ ಇದೆ. ಆದ್ರೆ ರಿಸಲ್ಟ್ ಗಟ್ಟಿ ಅಂತ ನೀವು ಹೇಳಿದ್ರೆ ಧೈರ್ಯ ಬರುತ್ತೆ. ಸರ್‌ಗೆ ಸಡಗರ ಜಾಸ್ತಿ, ನೀವು ಹಾಗಲ್ಲ.” ಅವನು ಟೀ ಊದಿದ. ಟೀ ಆಗಲೇ ಆರಿತ್ತು. ಬಾಗಿಲಲ್ಲಿ ಯಜಮಾನರು ಕಾಣಿಸಿಕೊಂಡು, “ಹೇಳ್ರಿ ಇವಳಿಗೆ, ಕೈಗೆ ಬಂದಿದ್ದನ್ನ ಬಿಟ್ಟು ಓಡ್ತೀನಿ ಅಂತಾಳೆ!” ಎಂದರು. “ಇಲ್ಲೇ ಇದ್ರೂ ಒಳ್ಳೇದೇ” ಎಂದು ಅವನು ಲೋಟಕ್ಕೆ ಹೇಳಿದ. ಹುಡುಗಿಯ ಮುಖ ಅರಳಿತು. ಅವನಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು, ಆದರೆ ಎದ್ದು ಹೋಗಿ ಲೋಟ ತೊಳೆದ, ಒಮ್ಮೆ ತೊಳೆದದ್ದನ್ನು ಇನ್ನೊಮ್ಮೆ ತೊಳೆದ.

ಸಂಜೆ ಅವಳು ಫೋನ್ ಹಿಡಿದು ಓಣಿಯ ಕೊನೆಗೆ ಹೋದಳು, ಕೊಳವೆಗಳನ್ನು ಕೆಡದಂತೆ ಇಡುವ ತಣ್ಣನೆ ಕೋಣೆಯ ಪಕ್ಕ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ ಜಾಗಕ್ಕೆ, ಅಲ್ಲಿ ಮಾತ್ರ ಜನರ ಓಡಾಟವಿರುವುದಿಲ್ಲ. ಅವನು ಹಿಂದೆಯೇ ಹೋದ. ಈಗ ಹೇಳುತ್ತೇನೆ, ಅವಳು ನಂಬರು ಒತ್ತುವ ಮೊದಲು ಹೇಳುತ್ತೇನೆ. ಅವಳು ನಂಬರು ಒತ್ತಿದಳು. ಅವರು ಎತ್ತುವ ಮೊದಲು ಹೇಳುತ್ತೇನೆ. ತಣ್ಣನೆ ಕೋಣೆಯ ಯಂತ್ರ ಗುಂಯ್ ಎನ್ನುತ್ತಿತ್ತು. ಅವಳು ಅವನನ್ನು ನೋಡಿ, ಇರಿ ಎಂದು ಕೈಸನ್ನೆ ಮಾಡಿ, ಆ ಕಡೆಯವರಿಗೆ ಬಹಳ ಮರ್ಯಾದೆಯಿಂದ, ತುಂಬ ಯೋಚನೆ ಮಾಡಿದೆ ಸರ್, ಇಲ್ಲಿನ ಕೆಲಸ ಬಿಟ್ಟು ಬರೋಕಾಗ್ತಿಲ್ಲ, ದಯವಿಟ್ಟು ಕ್ಷಮಿಸಿ ಎಂದಳು. ಅವನು ಒಂದು ಪೆಟ್ಟಿಗೆಯ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಎಬ್ಬಿಸುತ್ತ ನಿಂತಿದ್ದ. ಅವಳು ಫೋನ್ ಕೆಳಗಿಳಿಸಿ ಉಸ್ಸಪ್ಪಾ ಎಂದಳು, ಕಣ್ಣಲ್ಲಿ ನೀರು, ಮುಖದ ತುಂಬ ನಗು. ಆಗ, ಆ ನಗುವಿನ ಮೇಲೆ, ಅವನು ಹೇಳಿದ.

“ಇರುವೆ, ಸದ್ದಿನ ಕಡ್ಡಿ ಕೆಟ್ಟಿದೆ.”

“ಯಾವಾಗ? ಬೆಳಿಗ್ಗೆ ಸರಿಯಿತ್ತಲ್ಲ.”

“ಇಲ್ಲ. ಚಳಿಗಾಲದಿಂದ ಕೆಟ್ಟಿದೆ.”

ಅವಳು ಮೊದಲು ತಲೆದೂಗಿದಳು, ಕೇಳಿಸಿಕೊಂಡೆ ಎನ್ನುವ ಹಾಗೆ. ಆಮೇಲೆ ಅವಳ ಕಣ್ಣು ಓಣಿಯ ನೆಲವನ್ನು ಹಿಡಿದು ಹಿಂದೆ ಹಿಂದೆ ಹೋಯಿತು. ಬುದ್ಧಿವಂತೆ, ಅವಳಿಗೆ ಬಿಡಿಸಿ ಹೇಳುವುದೇನೂ ಇರಲಿಲ್ಲ. “ಜೋಡಿಗಳು” ಎಂದಳು. ಪಕ್ಕದವರ ಕಡ್ಡಿಯಲ್ಲಿ ನೋಡಿದ್ರಾ ಎಂದು ಕೇಳಿದಳು. ನಿನ್ನೆ ನೋಡಿದೆ ಎಂದ. ಎಲ್ಲಾ ಬಿಟ್ಕೊಂಡ್ವಾ ಎಂದು ಕೇಳಿದಳು. ಎಲ್ಲಾ ಎಂದ.

“ನಿನ್ನೆ” ಎಂದಳು ಅವಳು. “ಹಾಗಾದ್ರೆ ಟೀ ಕುಡೀವಾಗ ಗೊತ್ತಿತ್ತು.”

“ಗೊತ್ತಿತ್ತು.”

“ಈಗ ನಾನು ಫೋನಲ್ಲಿ ಮಾತಾಡೋವಾಗ ಇಲ್ಲೇ ನಿಂತಿದ್ರಲ್ಲ ಅಣ್ಣ. ಎರಡು ನಿಮಿಷ ಮುಂಚೆ ಹೇಳಿದ್ರೆ ಏನಾಗ್ತಿತ್ತು?”

ಹೆದರಿದೆ ಎನ್ನಬಹುದಿತ್ತು, ಅದು ನಿಜವೂ ಹೌದು. ಆದರೆ ಅವಳು ಮಾತು ಮುಗಿಸಲಿ ಎಂದು ಕಾಯುತ್ತಿದ್ದಾಗ ಅವನಿಗೆ ಭಯವೇ ಇರಲಿಲ್ಲ, ಅದು ಅವನಿಗೆ ಈಗ ಹೊಳೆಯಿತು. ಒಂದು ಬಗೆಯ ನೆಮ್ಮದಿಯಿತ್ತು, ಬಸ್ಸು ಹೋಗಿಬಿಟ್ಟ ಮೇಲೆ ಓಡುವುದು ತಪ್ಪಿದವನ ನೆಮ್ಮದಿ. ಅವನು ಬೇಕೆಂದೇ ಕಾದಿದ್ದ. ಛೆ, ಎಂಥ ಮನುಷ್ಯ ನಾನು ಎಂದು ನಾಚಿಕೆಯಿಂದ ಅವನ ಮೈ ಬಿಸಿಯೇರಿತು. “ಇನ್ನೊಂದ್ಸಲ ಫೋನ್ ಮಾಡು, ಮನಸ್ಸು ಬದಲಾಯ್ತು ಅನ್ನು” ಎಂದ. ಅವಳು ಆಗಲೇ ಒತ್ತುತ್ತಿದ್ದಳು. ಈ ಸಲ ಮಾತು ಬೇಗ ಮುಗಿಯಿತು. ಪಟ್ಟಿಯಲ್ಲಿ ಅವಳ ನಂತರದವನು ಇಡೀ ದಿನ ಕಾಲೇಜಿನವರ ಕರೆಗೇ ಕಾದು ಕೂತಿದ್ದನಂತೆ, ಹೇಳಿದ ಕೂಡಲೇ ಒಪ್ಪಿಕೊಂಡನಂತೆ. ಪರವಾಗಿಲ್ಲ ಸರ್, ಥ್ಯಾಂಕ್ಸ್ ಸರ್ ಎಂದು ಅವಳು ಆ ಕಡೆಯವರನ್ನೇ ಸಮಾಧಾನ ಮಾಡಿದಳು. ಆಮೇಲೆ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು, ಪೆಟ್ಟಿಗೆ ಅವಳ ಕೆಳಗೆ ಮೆಲ್ಲಗೆ ಕುಸಿಯಿತು, ಕುಸಿದದ್ದರಲ್ಲೇ ಕೂತಳು. ಅವಳು ಅಳಲಿ ಎಂದು ಅವನು ಕಾದ. ಬೈಯಲಿ ಎಂದು ಹಾರೈಸಿದ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದ, ದೇವರಾಣೆ.

“ಮತ್ಯಾರಿಗೆ ಗೊತ್ತು?” ಎಂದು ಅವಳು ಕೇಳಿದಳು.

“ಯಾರಿಗೂ ಇಲ್ಲ. ಈಗ್ಲೇ ಹೋಗಿ ಸರ್‌ಗೆ ಹೇಳೋಣ. ತಪ್ಪು ನಂದು ಅಂತ ನಾನೇ ಹೇಳ್ತೀನಿ.”

“ಹೇಳಿದ್ರೆ?”

“ಲೇಖನ ನಿಲ್ಲಿಸ್ತಾರೆ.”

“ಮುಂದಿನ ತಿಂಗಳಿಂದ ನನಗೆ ಸಂಬಳ ಬರೋದೇ ಆ ಲೇಖನ ತೋರಿಸಿ ಸರ್ ತರೋ ಹಣದಲ್ಲಿ.” ಅವಳು ಕಣ್ಣು ಒರೆಸಿಕೊಂಡಳು, ತೋಳಿನಿಂದ, ಚಿಕ್ಕ ಮಕ್ಕಳ ಹಾಗೆ. “ಹೇಳ್ಬೇಡಿ.”

“ಏನಮ್ಮ ಇದು, ನೀನು ಹೀಗೆ—”

“ಕಡ್ಡಿಯ ತುದೀನೂ ಬದಲಾಯಿಸ್ಬೇಡಿ. ಹೊಸದು ಹಾಕಿದ್ರೆ ಯಾರಾದ್ರೂ ಮತ್ತೆ ಎಣಿಸ್ತಾರೆ.”

ಇಷ್ಟು ಬೇಗ ಇಷ್ಟು ದೂರ ಯೋಚಿಸಿಬಿಟ್ಟಳೇ ಎಂದು ಬೆಚ್ಚಿಬಿದ್ದ. ಬೇಡ ಇರುವೆ, ನೀನು ನನ್ನ ಹಾಗೆ ಆಗಬೇಡ ಎನ್ನಬೇಕಿತ್ತು, ಅದನ್ನಾದರೂ ತಡಮಾಡದೆ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆಂದರೆ ಎದೆಯ ಮೇಲಿಂದ ಬಂಡೆ ಸರಿದ ಹಾಗಾಗಿತ್ತು, ಇನ್ನು ಯಾರ ಮುಂದೆಯೂ ನಿಂತು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಆ ಹಗುರ ಅವನಿಗೆ ಅಸಹ್ಯವಾಯಿತು, ಆದರೂ ಹಗುರವಾಗಿಯೇ ಇತ್ತು. ಅವನು ತಲೆಯಾಡಿಸಿದ. ಅವಳು ಎದ್ದು ಬಟ್ಟೆ ಕೊಡವಿಕೊಂಡು ಮುಂದೆ ನಡೆದಳು, ಅವನು ಹಿಂದೆ.

ಯಜಮಾನರ ಕೋಣೆಯ ಬಾಗಿಲು ತೆರೆದಿತ್ತು, ಲೇಖನ ಪರದೆಯ ಮೇಲಿತ್ತು. “ಏನಾಯ್ತು, ಏನಂದೆ ಅವರಿಗೆ?” ಎಂದರು. ಇಲ್ಲೇ ಇರ್ತೀನಿ ಅಂದೆ ಸರ್ ಎಂದು ಅವಳು ನಕ್ಕಳು, ಬಾಯಿ ತುಂಬ ನಕ್ಕಳು. ಭಲೇ ಎಂದು ಅವರು ಮೇಜು ಕುಟ್ಟಿ, ಹಾಗಾದರೆ ಇವತ್ತೇ ಕಳಿಸಿಬಿಡೋಣ, ಇನ್ನೇನಾದರೂ ಸೇರಿಸುವುದಿದೆಯೇ ಎಂದು ಕೇಳಿದರು.

“ಒಂದಿದೆ ಸರ್. ಅಣ್ಣನ ಹೆಸರು ಬಿಟ್ಟೋಗಿದೆ” ಎಂದಳು ಅವಳು. “ಅನುಮಾನ ಬಂದ ಕೋಶಗಳನ್ನೆಲ್ಲ ನೋಡಿ ಹೇಳಿದ್ದು ಅವರೇ. ಕಡ್ಡಿ ನೋಡ್ಕೊಂಡಿದ್ದೂ ಅವರೇ. ಅವರು ಇಲ್ಲದಿದ್ರೆ ಈ ರಿಸಲ್ಟೇ ಇಲ್ಲ.”

“ಅಯ್ಯೋ, ಹೌದಲ್ಲ! ನೀವಾದ್ರೂ ಬಾಯಿ ಬಿಟ್ಟು ಕೇಳ್ಬಾರ್ದೇನ್ರೀ?” ಎಂದು ಯಜಮಾನರು ಅವನ ಕಡೆ ತಿರುಗಿ, ಕೂಡಲೇ ಕೀಲಿಮಣೆಯ ಮೇಲೆ ಬಗ್ಗಿದರು. ಅವನು ಬಾಗಿಲ ಬಳಿ ನಿಂತೇ ಇದ್ದ. ಥ್ಯಾಂಕ್ಸ್ ಸರ್ ಎಂದು ಅವನದೇ ದನಿ ಅವನಿಗೆ ಕೇಳಿಸಿತು. ಹುಡುಗಿ ಅವನತ್ತ ನೋಡಲಿಲ್ಲ. ಯಜಮಾನರ ಹೆಗಲ ಮೇಲಿಂದ ಪರದೆಗೆ ಬಗ್ಗಿ, ಅವನ ಹೆಸರಿನ ಒಂದೊಂದೇ ಅಕ್ಷರ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡುತ್ತಿದ್ದಳು.